ಗೋಪಿನಾಥಂನ ಶ್ರೀನಿವಾಸ್: ಬಂದೂಕಿಲ್ಲದೆ ಕಾಡಿಗೆ ನಡೆದ ಅಧಿಕಾರಿ

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿ ಹಾದು ಮಲೆ ಮಹದೇಶ್ವರ ಬೆಟ್ಟವನ್ನೇರಿ, ಅಲ್ಲಿಂದ ಪಾಲಾರ್ ಕಡೆಗೆ ಇಳಿದು ಕಾವೇರಿಯ ದಿಕ್ಕಿಗೆ ಹೊರಳಿದರೆ ರಾಜ್ಯದ ಗಡಿಯಂಚಿನಲ್ಲಿ ಗೋಪಿನಾಥಂ ಎಂಬ ಹಳ್ಳಿ ಸಿಗುತ್ತದೆ. ಈ ಹೆಸರು ಕೇಳಿದೊಡನೆ ನಾಡಿನ ಜನರಿಗೆ ನೆನಪಾಗುವುದು ಕಾಡುಗಳ್ಳ ವೀರಪ್ಪನ್. 1952ರಲ್ಲಿ ಆತ ಹುಟ್ಟಿದ ಊರು ಇದೇ. ಆದರೆ ಊರಿನ ಮಾರಿಯಮ್ಮನ ಗುಡಿಯಲ್ಲಿ ದೇವಿಯೊಂದಿಗೆ ಗೌರವಕ್ಕೆ ಪಾತ್ರವಾಗಿರುವ ಭಾವಚಿತ್ರ ಅವನದಲ್ಲ. ಅವನನ್ನು ಹಿಡಿಯಲು ಬಂದು, ಅವನ ಕೈಯಲ್ಲೇ ಹತರಾದ ಅರಣ್ಯಾಧಿಕಾರಿಯೊಬ್ಬರದು. ಅವರೇ ಪಂದಿಳ್ಳಪಲ್ಲಿ ಶ್ರೀನಿವಾಸ್, ಭಾರತೀಯ ಅರಣ್ಯ ಸೇವೆಯ ಕರ್ನಾಟಕ ವೃಂದದ ಅಧಿಕಾರಿ.

ಕಾನೂನು ಪಾಲನೆಗೆ ಬಂದ ಅಧಿಕಾರಿಯೊಬ್ಬರನ್ನು, ಆ ಕಾನೂನಿನಿಂದ ಹೆಚ್ಚು ತೊಂದರೆಗೊಳಗಾಗಬಹುದಾಗಿದ್ದ ಊರೇ ತನ್ನವರೆಂದು ಭಾವಿಸುವುದು ಅಪರೂಪ. ಅದು ಹೇಗಾಯಿತೆಂಬುದನ್ನು ತಿಳಿಯಬೇಕಾದರೆ ಶ್ರೀನಿವಾಸ್ ಅವರ ಸಾವಿಗಿಂತ ಮೊದಲು ಅವರ ಕೆಲಸವನ್ನು ನೋಡಬೇಕು. ದುರದೃಷ್ಟವಶಾತ್ ಅವರ ಬಗ್ಗೆ ಬರೆದವರಲ್ಲಿ ಬಹುತೇಕರು ಸಾವನ್ನಷ್ಟೇ ಬಣ್ಣಿಸಿದ್ದಾರೆ.

ಶ್ರೀನಿವಾಸ್ ಜನಿಸಿದ್ದು 1954ರ ಸೆಪ್ಟೆಂಬರ್ 12ರಂದು, ಆಂಧ್ರಪ್ರದೇಶದ ಗೋದಾವರಿ ದಂಡೆಯ ರಾಜಮಹೇಂದ್ರಿಯಲ್ಲಿ. ಆಂಧ್ರ ವಿಶ್ವವಿದ್ಯಾಲಯದಲ್ಲಿ ಜೀವವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದರು. 1979ರಲ್ಲಿ ಭಾರತೀಯ ಅರಣ್ಯ ಸೇವೆಗೆ ಸೇರಿದಾಗ ಅವರಿಗೆ 25 ವರ್ಷ. ತೆಲುಗು ನಾಡಿನ ಈ ತರುಣ ಕನ್ನಡ ನಾಡಿನ ಪಾಲಿಗೆ ಬಂದದ್ದು ಹೀಗೆ. ಮುಂದೆ ಬಾಳಿ ಮಡಿದದ್ದು ತಮಿಳು ಮಾತನಾಡುವ ಜನರೇ ಹೆಚ್ಚಾಗಿರುವ ಕನ್ನಡ ಗಡಿಯ ಹಳ್ಳಿಯೊಂದರಲ್ಲಿ.

ಇಲ್ಲಿ ಆ ಸೇವೆಯ ಕುರಿತು ಒಂದೆರಡು ಮಾತು ಹೇಳುವುದು ಅಗತ್ಯ. ಐಎಎಸ್, ಐಪಿಎಸ್ ಎಂದರೆ ಎಲ್ಲರಿಗೂ ಗೊತ್ತು. ಐಎಫ್ಎಸ್ ಎಂದರೆ ವಿದೇಶಾಂಗ ಸೇವೆಯೇ ಎಂದು ಕೇಳುವವರೇ ಹೆಚ್ಚು. ಅಖಿಲ ಭಾರತ ಸೇವೆಗಳ ಕಾಯ್ದೆಯಡಿ ಅರಣ್ಯ ಸೇವೆ ಆರಂಭವಾದದ್ದು 1966ರಲ್ಲಿ. ಆಡಳಿತ ಸೇವೆ ಮತ್ತು ಪೊಲೀಸ್ ಸೇವೆಗಳ ಸಾಲಿನಲ್ಲಿ ನಿಲ್ಲುವ ಮೂರನೆಯ ಅಖಿಲ ಭಾರತ ಸೇವೆ ಅದು. ಕೇಂದ್ರ ಲೋಕಸೇವಾ ಆಯೋಗ ಆಯ್ಕೆ ಮಾಡುತ್ತದೆ, ಕೇಂದ್ರ ಸರ್ಕಾರ ನೇಮಿಸುತ್ತದೆ, ಡೆಹ್ರಾಡೂನಿನಲ್ಲಿ ತರಬೇತಿ ನೀಡಲಾಗುತ್ತದೆ, ಬಳಿಕ ಅಧಿಕಾರಿಯನ್ನು ರಾಜ್ಯವೊಂದರ ವೃಂದಕ್ಕೆ ಹಂಚಲಾಗುತ್ತದೆ. ದುಡಿಯುವುದು ರಾಜ್ಯಕ್ಕಾಗಿ, ಉತ್ತರದಾಯಿತ್ವ ಮಾತ್ರ ಎರಡೂ ಕಡೆಗೆ.

ಉಪ ಅರಣ್ಯ ಸಂರಕ್ಷಣಾಧಿಕಾರಿ, ಅಂದರೆ ನಮ್ಮ ಕಡೆಯ ಹಳ್ಳಿಗರ ಬಾಯಲ್ಲಿ ಡಿಎಫ್‌ಓ ಸಾಹೇಬರು, ಒಂದು ವಿಭಾಗದ ಯಜಮಾನರು. ಅವರ ಕೆಳಗೆ ಸಹಾಯಕ ಸಂರಕ್ಷಣಾಧಿಕಾರಿಗಳು, ವಲಯಕ್ಕೊಬ್ಬ ರೇಂಜರ್, ರೇಂಜರ್ ಕೈಕೆಳಗೆ ಫಾರೆಸ್ಟರ್‌ಗಳು, ಎಲ್ಲರಿಗೂ ಕೆಳಗೆ ಬೀಟು ತಿರುಗುವ ಗಾರ್ಡು ಮತ್ತು ವಾಚರ್. ನೆಡುತೋಪು, ಮರ ಹರಾಜು, ಕಾಡ್ಗಿಚ್ಚಿನ ರೇಖೆ, ಕಾರ್ಯಯೋಜನೆ ಇವೆಲ್ಲ ಶಾಂತಿಕಾಲದ ಕೆಲಸಗಳು. ಜೊತೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಇಲಾಖೆಗೆ ಪೊಲೀಸರಿಗೆ ಸರಿಸಮನಾದ ಕೆಲವು ಅಧಿಕಾರಗಳನ್ನು ಕೊಟ್ಟಿವೆ. ಅರಣ್ಯಾಧಿಕಾರಿ ವಾರಂಟಿಲ್ಲದೆ ಬಂಧಿಸಬಹುದು, ಶೋಧಿಸಬಹುದು, ಮಾಲನ್ನೂ ಅದನ್ನು ಸಾಗಿಸಿದ ಗಾಡಿಯನ್ನೂ ವಶಪಡಿಸಿಕೊಳ್ಳಬಹುದು. ಅಧಿಕಾರವೇನೋ ಉಂಟು; ಅದನ್ನು ಚಲಾಯಿಸಲು ಬೇಕಾದ ಬಲ ಆ ಕಾಲದಲ್ಲಿ ಇರಲಿಲ್ಲ. ಕೈಯಲ್ಲೊಂದು ದೊಣ್ಣೆ ಹಿಡಿದು ಆನೆ ಕಾಡಿನಲ್ಲಿ ಒಂಟಿಯಾಗಿ ನಡೆಯುವ ಗಾರ್ಡು, ನಾಡಬಂದೂಕು ಹಿಡಿದ ಹತ್ತಾರು ಜನರ ತಂಡವನ್ನು ಎದುರಿಸುವುದಾದರೂ ಹೇಗೆ?

ಕಾಡಿನ ಸ್ವರೂಪವೂ ಕಳ್ಳರಿಗೆ ಅನುಕೂಲವಾಗಿತ್ತು. ಯಳಂದೂರಿನ ನೆತ್ತಿಯ ಮೇಲಿನ ಬಿಳಿಗಿರಿರಂಗನ ಬೆಟ್ಟದಿಂದ ಆರಂಭವಾಗುವ ಅರಣ್ಯ ಕೊಳ್ಳೇಗಾಲದ ಪೂರ್ವಭಾಗವನ್ನು ಆವರಿಸಿ, ಹನೂರಿನ ಮೇಲಿನ ಮಲೆಗಳನ್ನು ದಾಟಿ ಕಾವೇರಿಯವರೆಗೂ, ಗಡಿಯಾಚೆ ಸತ್ಯಮಂಗಲದವರೆಗೂ ಹಬ್ಬಿದೆ. ಮಾದಪ್ಪನ ಒಕ್ಕಲಿನವರು ಎಪ್ಪತ್ತೇಳು ಮಲೆ ಎಂದು ಹಾಡುವುದು ಇದನ್ನೇ. ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು. ಗೆರೆ ಎಳೆದದ್ದು ಭೂಪಟದ ಮೇಲೆ. ಆನೆಗೂ ಗೊತ್ತಿಲ್ಲ, ಗಂಧದ ಮರಕ್ಕೂ ಗೊತ್ತಿಲ್ಲ. ಕಳ್ಳನಿಗೆ ಮಾತ್ರ ಚೆನ್ನಾಗಿ ಗೊತ್ತಿತ್ತು. ಒಂದು ರಾಜ್ಯದ ಪೊಲೀಸರು ಬೆನ್ನತ್ತಿದರೆ ಹಳ್ಳ ದಾಟಿ ಇನ್ನೊಂದು ರಾಜ್ಯಕ್ಕೆ ಹೋದರಾಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೂ ಈ ಪ್ರದೇಶಕ್ಕೆ ಜಿಲ್ಲಾ ಕೇಂದ್ರ ದೂರದ ಮೈಸೂರು. ಹನೂರು ಪ್ರತ್ಯೇಕ ತಾಲೂಕಾದದ್ದು ಇನ್ನೂ ಎರಡು ದಶಕಗಳ ನಂತರ.

ಗಂಧದ ಕಾನೂನನ್ನೂ ಇಲ್ಲಿ ನೆನೆಯಬೇಕು. ಟಿಪ್ಪು ಸುಲ್ತಾನನ ಕಾಲದಿಂದ ಶ್ರೀಗಂಧ ರಾಜವೃಕ್ಷ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೇಲೆ ಅದು ಸರ್ಕಾರದ ಬೊಕ್ಕಸಕ್ಕೆ ದೊಡ್ಡ ಆಧಾರವಾಯಿತು. ರೈತನ ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರ್ಕಾರದ್ದೇ. ಕಳುವಾದರೆ ಮೊದಲ ಅನುಮಾನ ಹೊಲದವನ ಮೇಲೆಯೇ ಬೀಳುತ್ತಿತ್ತು. ಹೀಗಾಗಿ ಗಂಧದ ಸಸಿ ಕಂಡರೆ ಬೆಳೆಸುವ ಆಸೆ ಯಾರಿಗೂ ಇರಲಿಲ್ಲ, ಕಡಿದುಕೊಂಡು ಹೋದವನ ಬಗ್ಗೆ ದೂರು ಕೊಡುವ ಆಸಕ್ತಿಯೂ ಇರಲಿಲ್ಲ. ಬೇರಿನಲ್ಲೂ ಎಣ್ಣೆ ಇರುವುದರಿಂದ ಈ ಮರವನ್ನು ಬುಡಸಮೇತ ಅಗೆದು ತೆಗೆಯುತ್ತಾರೆ; ಕಳ್ಳ ಹೋದ ಮೇಲೆ ಉಳಿಯುವುದು ಒಂದು ಗುಂಡಿ. ಬೆಳೆದವನಿಗೇ ಮರದ ಒಡೆತನ ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 2001ರಲ್ಲಿ. ಅಷ್ಟರೊಳಗೆ ಈ ಭಾಗದ ಕಾಡುಗಳಲ್ಲಿ ಬಲಿತ ಗಂಧದ ಮರ ಹುಡುಕಿದರೂ ಸಿಗದಂತಾಗಿತ್ತು.

ವೀರಪ್ಪನ್ ಈ ವ್ಯವಸ್ಥೆಯ ಕೂಸು ಎಂದರೆ ಕೆಲವರಿಗೆ ಕೋಪ ಬಂದೀತು. ಆದರೆ ಆತ ಶೂನ್ಯದಿಂದ ಹುಟ್ಟಿ ಬಂದವನಲ್ಲ. ಅವನಿಗಿಂತ ಮೊದಲು ಸೇವಿ ಗೌಂಡರ್ ಎಂಬ ಕಳ್ಳಬೇಟೆಗಾರನಿದ್ದ. ಅವನ ಗರಡಿಯಲ್ಲಿ ಈತ ಪಳಗಿದ. ಆರಂಭದಲ್ಲಿ ಆನೆಯ ದಂತ. ಏಷ್ಯಾದ ಆನೆಗಳಲ್ಲಿ ಕೋರೆ ಇರುವುದು ಗಂಡಿಗೆ ಮಾತ್ರ, ಆದ್ದರಿಂದ ದಂತದ ಬೇಟೆ ಕಾಡಿನ ಗಂಡಾನೆಗಳನ್ನೇ ಆರಿಸಿ ಅಳಿಸಿತು. ಸಲಗಗಳು ವಿರಳವಾಗಿ, ದಂತದ ವ್ಯಾಪಾರಕ್ಕೆ ಕಾನೂನಿನ ಬಿಗಿ ಹೆಚ್ಚಿದಾಗ ಆತ ಗಂಧದತ್ತ ತಿರುಗಿದ. ಗಂಧಕ್ಕೆ ಕೈಗಳು ಬೇಕು. ಕಡಿಯಲು, ಅಗೆಯಲು, ಚಕ್ಕೆ ಎಬ್ಬಿಸಲು, ಹೊರಲು, ಲಾರಿಗೆ ತುಂಬಲು ಊರಿಗೆ ಊರೇ ಬೇಕು. ಮಳೆ ನಂಬಿದ ಒಣ ಬೇಸಾಯದ ಜನರಿಗೆ ಅದು ಕೂಲಿ ಕೊಡುವ ಕೆಲಸವಾಯಿತು. ಸರ್ಕಾರ ಆ ಹಳ್ಳಿಗಳನ್ನು ತಲುಪುವ ಮೊದಲೇ ವೀರಪ್ಪನ್‌ನ ಹಣ ತಲುಪಿತ್ತು.

1986ರಲ್ಲಿ ವೀರಪ್ಪನ್ ಬೆಂಗಳೂರಿನಲ್ಲಿ ಸಿಕ್ಕಿಬಿದ್ದ. ಆ ಕಾಲದಲ್ಲಿ ಚಾಮರಾಜನಗರ ಭಾಗದಲ್ಲಿ ಸೇವೆಯಲ್ಲಿದ್ದ ಶ್ರೀನಿವಾಸ್ ಅವರಿಗೆ ಈ ಬಂಧನದೊಂದಿಗೆ ನೇರ ಸಂಬಂಧವಿತ್ತು. ಬಂಧಿತನನ್ನು ಬೂದಿಪಡಗದ ಅರಣ್ಯ ವಸತಿಗೃಹಕ್ಕೆ ತಂದು ವಿಚಾರಣೆಗೆ ಇರಿಸಲಾಯಿತು. ಅಲ್ಲಿಂದ ಆತ ತಪ್ಪಿಸಿಕೊಂಡ. ಅಂದು ಆ ಒಂದು ಬಾಗಿಲು ಭದ್ರವಾಗಿದ್ದಿದ್ದರೆ ಮುಂದಿನ 18 ವರ್ಷಗಳ ಇತಿಹಾಸವೇ ಬೇರೆಯಾಗುತ್ತಿತ್ತು ಎಂದು ಕೊಳ್ಳೇಗಾಲದ ಹೋಟೆಲುಗಳಲ್ಲಿ ಮಾತನಾಡುವವರು ಇಂದಿಗೂ ಇದ್ದಾರೆ. ಆ ಪಲಾಯನದ ಬಳಿಕ ವೀರಪ್ಪನ್ ಹಿಂದಿನ ಕಳ್ಳಬೇಟೆಗಾರನಾಗಿ ಉಳಿಯಲಿಲ್ಲ. 1987ರಲ್ಲಿ ತಮಿಳುನಾಡಿನ ಅರಣ್ಯಾಧಿಕಾರಿ ಚಿದಂಬರಂ ಅವರನ್ನು ಅಪಹರಿಸಿ ಕೊಂದ. 1990ರ ಏಪ್ರಿಲ್‌ನಲ್ಲಿ ಹೊಗೇನಕಲ್ ಬಳಿ ಕರ್ನಾಟಕದ ಮೂವರು ಸಬ್ ಇನ್ಸ್‌ಪೆಕ್ಟರ್‌ಗಳು ಹಾಗೂ ಅವರೊಡನಿದ್ದ ಸಿಬ್ಬಂದಿ ಆತನ ಗುಂಡಿಗೆ ಬಲಿಯಾದರು. ಇದಾದ ನಂತರ ರಾಜ್ಯ ಸರ್ಕಾರ ವಿಶೇಷ ಕಾರ್ಯಪಡೆಯನ್ನು ರಚಿಸಿತು. ಕಾಡು, ಕಾಡಿನ ಹಾದಿ, ಕಾಡಂಚಿನ ಜನ, ಈ ಮೂರನ್ನೂ ಬಲ್ಲ ಅಧಿಕಾರಿಯ ಅಗತ್ಯ ಅದಕ್ಕಿತ್ತು. ಶ್ರೀನಿವಾಸ್ ಮತ್ತೆ ಈ ಮಲೆಗಳಿಗೆ ಬಂದರು.

ಬಂದವರು ನೆಲೆ ನಿಂತದ್ದು ಕೊಳ್ಳೇಗಾಲದ ಕಚೇರಿಯಲ್ಲಲ್ಲ, ಬೆಟ್ಟದ ಅತಿಥಿಗೃಹದಲ್ಲೂ ಅಲ್ಲ. ಗೋಪಿನಾಥಂನಲ್ಲಿಯೇ. ವೀರಪ್ಪನ್‌ನ ಬಂಧುಗಳು, ಸಹಚರರ ಹೆಂಡಿರು ಮಕ್ಕಳು, ಗಂಧ ಹೊತ್ತು ಕೂಲಿ ಪಡೆದವರು, ಪೊಲೀಸರಿಗೆ ಸುದ್ದಿ ಕೊಟ್ಟನೆಂಬ ಗುಮಾನಿಯಿಂದ ಮನೆಯವರನ್ನು ಕಳೆದುಕೊಂಡವರು, ಎಲ್ಲರೂ ಒಂದೇ ಬೀದಿಯಲ್ಲಿದ್ದ ಊರು ಅದು. ಅಲ್ಲಿಗೆ ಖಾಕಿ ತೊಟ್ಟು ಬಂದವರ ಬಗ್ಗೆ ಊರವರಿಗಿದ್ದ ಅನುಭವ ಒಂದೇ ಬಗೆಯದು: ಬರುತ್ತಾರೆ, ಗಂಡಸರನ್ನು ಎಳೆದೊಯ್ಯುತ್ತಾರೆ, ಹೋಗುತ್ತಾರೆ. ಈ ಅಧಿಕಾರಿ ಮಾತ್ರ ಹೋಗಲಿಲ್ಲ.

ಶ್ರೀನಿವಾಸ್ ಹಿಡಿದ ದಾರಿ ಇಲಾಖೆಯ ಕೈಪಿಡಿಯಲ್ಲಿ ಇರುವಂಥದಲ್ಲ. ಊರಿಗೆ ಮೊದಲು ಔಷಧ ತಂದರು. ಸಂಚಾರಿ ಚಿಕಿತ್ಸಾಲಯವೊಂದು ಸುತ್ತಲ ಹಳ್ಳಿಗಳಿಗೆ ಓಡಾಡತೊಡಗಿತು. ಜ್ವರ ಬಂದರೆ, ಹೆರಿಗೆ ಕಷ್ಟವಾದರೆ ಬೆಟ್ಟ ಹತ್ತಿಳಿದು ಹೋಗಬೇಕಾಗಿದ್ದ ಜನರಿಗೆ ಅದು ಸಣ್ಣ ಸಂಗತಿಯಲ್ಲ. ಕುಡಿಯುವ ನೀರಿನ ವ್ಯವಸ್ಥೆಗೆ ಗಮನ ಕೊಟ್ಟರು. ಸ್ವಂತ ಹಣ ಹಾಕಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ಸರ್ಕಾರಿ ಅಧಿಕಾರಿಗೆ ಗುಡಿ ಕಟ್ಟಿಸುವ ಉಸಾಬರಿ ಏಕೆ ಎಂಬ ಪ್ರಶ್ನೆ ಸಹಜ. ಆದರೆ ಗ್ರಾಮದೇವತೆಯ ಅಂಗಳ ಎಂದರೆ ಊರಿನ ಎಲ್ಲ ಒಕ್ಕಲುಗಳೂ ಜಗಳ ಮರೆತು ಸೇರುವ ಒಂದೇ ಜಾಗ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ಭಯದಿಂದ ಬಾಯಿ ಕಟ್ಟಿಕೊಂಡ ಊರು ಮತ್ತೆ ಒಂದೆಡೆ ಕೂರಲು ಅಂತಹ ಅಂಗಳ ಬೇಕಿತ್ತು.

ಇದೇ ಮಲೆಸಾಲಿನ ಇನ್ನೊಂದು ತುದಿಯಲ್ಲಿ, ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ, ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿ ಸೋಲಿಗರ ನಡುವೆ ವೈದ್ಯಸೇವೆಯಿಂದಲೇ ಕೆಲಸ ಶುರು ಮಾಡಿದ್ದರು. ಕಾಡಿನ ಜನರ ವಿಶ್ವಾಸದ ಬಾಗಿಲು ಔಷಧದ ಪೆಟ್ಟಿಗೆಯಿಂದ ತೆರೆಯುತ್ತದೆ ಎಂಬುದನ್ನು ಈ ಸೀಮೆ ಮೊದಲೇ ಕಂಡಿತ್ತು. ವ್ಯತ್ಯಾಸವೆಂದರೆ ಅಲ್ಲಿ ವೈದ್ಯರು ವೈದ್ಯರಾಗಿಯೇ ಬಂದಿದ್ದರು. ಇಲ್ಲಿ ಬಂದವರ ಜೇಬಿನಲ್ಲಿ ಬಂಧನದ ಅಧಿಕಾರವೂ ಇತ್ತು.

ಆ ಅಧಿಕಾರವನ್ನು ಶ್ರೀನಿವಾಸ್ ಕೈಬಿಡಲಿಲ್ಲ. ಬಳಸುವ ರೀತಿಯನ್ನು ಬದಲಿಸಿದರು. ವೀರಪ್ಪನ್‌ನ ಗುಂಪಿನಲ್ಲಿದ್ದವರ ಮನೆಗಳಿಗೆ ಹೋಗಿ, ಶರಣಾದರೆ ಕಾನೂನಿನ ಪ್ರಕಾರವೇ ನಡೆಸಿಕೊಳ್ಳುವ, ಜಾಮೀನಿಗೆ ನೆರವಾಗುವ, ಹೊರಬಂದ ಮೇಲೆ ಬದುಕಲು ದಾರಿ ಮಾಡಿಕೊಡುವ ಭರವಸೆ ಇತ್ತರು. ಹೆತ್ತವರ, ಹೆಂಡಿರ ಮೂಲಕ ಈ ಮಾತು ಕಾಡಿನೊಳಗೆ ಹೋಯಿತು. ಒಬ್ಬೊಬ್ಬರಾಗಿ ಹಲವರು ಹೊರಬಂದರು. ಗುಂಪು ಕರಗತೊಡಗಿತು. ಕಾರ್ಯಾಚರಣೆಯ ಭಾಷೆಯಲ್ಲಿ ಹೇಳುವುದಾದರೆ ವೀರಪ್ಪನ್‌ಗೆ ಅಕ್ಕಿ, ಸುದ್ದಿ, ಆಳು ಒದಗಿಸುತ್ತಿದ್ದ ಊರನ್ನೇ ಅವನಿಂದ ಬಿಡಿಸುವ ಕೆಲಸ ಅದು. ನೂರು ಬಂದೂಕುಗಳು ಮಾಡಲಾರದ್ದನ್ನು ಈ ಕ್ರಮ ಮಾಡುತ್ತಿತ್ತು ಎಂದು ಬರೆಯುವಾಗ ಉತ್ಪ್ರೇಕ್ಷೆಯ ಅಂಜಿಕೆ ಇಲ್ಲ, ಏಕೆಂದರೆ ಇದನ್ನು ಮೊದಲು ಅರಿತವನು ವೀರಪ್ಪನ್ನನೇ. ತನ್ನನ್ನು ಬೆನ್ನಟ್ಟುವ ಪೊಲೀಸರಿಗಿಂತ ತನ್ನ ಊರಿನಲ್ಲಿ ಕುಳಿತ ಈ ಮನುಷ್ಯ ಅವನಿಗೆ ಹೆಚ್ಚು ಅಪಾಯಕಾರಿಯಾಗಿ ಕಂಡಿರಬೇಕು.

ವೈಯಕ್ತಿಕ ಹಗೆಯೂ ಸೇರಿಕೊಂಡಿತು. ವೀರಪ್ಪನ್‌ನ ಸೋದರಿ ಮಾರಿ ಆತ್ಮಹತ್ಯೆ ಮಾಡಿಕೊಂಡಾಗ ಆ ಸಾವಿನ ಹೊಣೆಯನ್ನು ಆತ ಶ್ರೀನಿವಾಸ್ ಅವರ ಮೇಲೆ ಹೊರಿಸಿದ. ಊರಿನ ಜನ ಆ ಆರೋಪವನ್ನು ಎಷ್ಟರಮಟ್ಟಿಗೆ ನಂಬಿದರು ಎಂಬುದಕ್ಕೆ ಗುಡಿಯಲ್ಲಿರುವ ಭಾವಚಿತ್ರವೇ ಉತ್ತರ.

ಶರಣಾಗತರ ಸಾಲಿನಲ್ಲಿ ವೀರಪ್ಪನ್‌ನ ತಮ್ಮ ಅರ್ಜುನನ್ ಕೂಡ ಇದ್ದ. ಅಣ್ಣನ ಬಲಗೈ ಎನಿಸಿದ್ದವನು ಊರಿಗೆ ಮರಳಿ ಅಧಿಕಾರಿಯ ಸುತ್ತ ಓಡಾಡಿಕೊಂಡಿದ್ದ. 1991ರ ನವೆಂಬರ್ ಆರಂಭದಲ್ಲಿ ಅವನ ಮೂಲಕ ಸುದ್ದಿಯೊಂದು ಬಂತು. ವೀರಪ್ಪನ್ ಶರಣಾಗಲು ಸಿದ್ಧನಿದ್ದಾನೆ, ಆದರೆ ಶ್ರೀನಿವಾಸ್ ಪೊಲೀಸರನ್ನು ಕರೆತರದೆ, ಆಯುಧ ಹಿಡಿಯದೆ ತಾವೇ ಬರಬೇಕು ಎಂಬುದು ಷರತ್ತು.

ನವೆಂಬರ್ 10ರ ಬೆಳಗ್ಗೆ ಶ್ರೀನಿವಾಸ್ ಅರ್ಜುನನ್ ಹಾಗೂ ಕೆಲವು ಗ್ರಾಮಸ್ಥರೊಡನೆ ಗೋಪಿನಾಥಂನಿಂದ ಕಾಡಿನತ್ತ ನಡೆದು ಹೊರಟರು. ಪಡೆಯಿಲ್ಲ, ಬಂದೂಕಿಲ್ಲ. ಊರಿನಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ಎರಕೆಯಂ ಹಳ್ಳ. ಅಲ್ಲಿ ವೀರಪ್ಪನ್ ಮತ್ತು ಅವನ ಗುಂಪು ಹೊಂಚು ಹಾಕಿತ್ತು. ಗುಂಡು ಹಾರಿತು. ಶ್ರೀನಿವಾಸ್ ಕುಸಿದರು. ಹಂತಕರು ಅಷ್ಟಕ್ಕೇ ತೃಪ್ತರಾಗದೆ ಅವರ ಶಿರಚ್ಛೇದ ಮಾಡಿ ತಲೆಯನ್ನು ಹೊತ್ತೊಯ್ದರು. ಅದು ಪತ್ತೆಯಾದದ್ದು ವರ್ಷಗಳ ನಂತರ. ಅಂದು ಶ್ರೀನಿವಾಸ್ ಅವರಿಗೆ ವಯಸ್ಸು 37.

ಹೀಗೆ ಹೋದದ್ದು ಸರಿಯೇ? ಅರಣ್ಯ ಮತ್ತು ಪೊಲೀಸ್ ಇಲಾಖೆಗಳಲ್ಲಿ ಈ ಚರ್ಚೆ ಮುಗಿದಿಲ್ಲ. ಹಂತಕನೊಬ್ಬನ ಮಾತು ನಂಬಿ ನಿರಾಯುಧರಾಗಿ ಹೋದದ್ದು ವಿವೇಕವಲ್ಲ, ಹಿರಿಯ ಅಧಿಕಾರಿಯೊಬ್ಬರ ಜೀವ ಅವರೊಬ್ಬರದೇ ಅಲ್ಲ, ಅದು ಸರ್ಕಾರದ್ದೂ ಹೌದು ಎನ್ನುವವರ ಮಾತನ್ನು ತಳ್ಳಿಹಾಕುವಂತಿಲ್ಲ. ವೀರಪ್ಪನ್ ಅಷ್ಟರಲ್ಲಾಗಲೇ ಅನೇಕರನ್ನು ಕೊಂದಿದ್ದ. ಶರಣಾಗತಿಯ ನೆಪ ಒಡ್ಡುವುದು ಅವನಿಗೆ ಕಷ್ಟದ ಕೆಲಸವಾಗಿರಲಿಲ್ಲ.

ಆದರೂ ಪ್ರಶ್ನೆಯನ್ನು ಇನ್ನೊಂದು ಬದಿಯಿಂದ ನೋಡಬೇಕೆನಿಸುತ್ತದೆ. ಶ್ರೀನಿವಾಸ್ ಅದುವರೆಗೆ ಮಾಡಿದ ಎಲ್ಲ ಕೆಲಸವೂ ಒಂದೇ ಬಂಡವಾಳದ ಮೇಲೆ ನಡೆದಿತ್ತು, ಅದು ಕೊಟ್ಟ ಮಾತು. ಶರಣಾದವರೆಲ್ಲ ಆ ಮಾತನ್ನು ನಂಬಿಯೇ ಕಾಡಿನಿಂದ ಹೊರಬಂದಿದ್ದರು. ಅಂದರೆ ಅವರೂ ನಿರಾಯುಧರಾಗಿ, ಬಂದೂಕು ಹಿಡಿದ ಸರ್ಕಾರದ ಮುಂದೆ ಬಂದು ನಿಂತಿದ್ದರು. ಅದೇ ಷರತ್ತನ್ನು ಎದುರಿನವನು ಮುಂದಿಟ್ಟಾಗ ಪಡೆಯೊಂದನ್ನು ಹಿಂದೆ ಅಡಗಿಸಿಕೊಂಡು ಹೋಗಿದ್ದರೆ, ಬಹುಶಃ ಅವರು ಬದುಕುತ್ತಿದ್ದರು. ಆದರೆ ಆ ದಿನದ ನಂತರ ಗೋಪಿನಾಥಂನ ಯಾವ ಮನೆಯೂ ಅವರ ಮಾತನ್ನು ಮೊದಲಿನಂತೆ ನಂಬುತ್ತಿರಲಿಲ್ಲ. 1986ರಲ್ಲಿ ಕೈಗೆ ಸಿಕ್ಕವನು ಕೈಜಾರಿ ಹೋದ ಭಾರವೂ ಅವರ ಹೆಗಲ ಮೇಲಿತ್ತೆಂಬುದನ್ನು ಮರೆಯಬಾರದು. ಇಷ್ಟೆಲ್ಲ ಹೇಳಿದ ಮೇಲೂ, ಅವರ ಕೊನೆಯ ನಡಿಗೆಯನ್ನು ದುಡುಕು ಎಂದು ಕರೆಯಲು ಈ ಲೇಖಕನಿಗೆ ಮನಸ್ಸು ಬರುವುದಿಲ್ಲ. ಇಲಾಖೆ ಅವರಿಗೆ ಕಾವಲು ಹಾಕಬೇಕಿತ್ತು ಎಂಬುದು ಬೇರೆ ಮಾತು.

1992ರಲ್ಲಿ ಕೇಂದ್ರ ಸರ್ಕಾರ ಶ್ರೀನಿವಾಸ್ ಅವರಿಗೆ ಮರಣೋತ್ತರವಾಗಿ ಕೀರ್ತಿಚಕ್ರ ನೀಡಿತು. ಶಾಂತಿಕಾಲದ ಶೌರ್ಯ ಪ್ರಶಸ್ತಿಗಳಲ್ಲಿ ಅಶೋಕ ಚಕ್ರದ ನಂತರದ ಸ್ಥಾನ ಅದರದು. ಅರಣ್ಯ ಸೇವೆಯ ಅಧಿಕಾರಿಯೊಬ್ಬರಿಗೆ ಇಂತಹ ಗೌರವ ಸಂದದ್ದು ಬಹಳ ವಿರಳ.

ಅವರ ಸಾವಿನೊಂದಿಗೆ ಅವರ ಮಾರ್ಗವೂ ಮುಚ್ಚಿಹೋಯಿತು. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಸಿ ಐವರು ಪೊಲೀಸರನ್ನು ಕೊಂದು ಶಸ್ತ್ರಾಸ್ತ್ರ ದೋಚಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಮೈಸೂರಿನ ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು. ಅವರನ್ನು ಅಲ್ಲಿಗೆ ಕರೆದೊಯ್ದದ್ದೂ ಮಾಹಿತಿದಾರನೊಬ್ಬನ ಮೇಲಿಟ್ಟ ನಂಬಿಕೆಯೇ; ಅವರು ಆಯುಧ ಸಹಿತ ಹೋಗಿದ್ದರು ಎಂಬುದನ್ನು, ಶ್ರೀನಿವಾಸ್ ಅವರನ್ನು ಟೀಕಿಸುವವರು ಗಮನಿಸಬೇಕು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು ಪೊಲೀಸರು, ಅರಣ್ಯ ಸಿಬ್ಬಂದಿ, ಮಾಹಿತಿದಾರರು ಸೇರಿ 22 ಮಂದಿ ಸತ್ತರು.

ಅಲ್ಲಿಂದ ಮುಂದೆ ಎರಡೂ ರಾಜ್ಯಗಳ ಕಾರ್ಯಪಡೆಗಳದ್ದೇ ಕಾಲ. ಕಾಡಿನಲ್ಲಿ ವೀರಪ್ಪನ್‌ನ ಭಯ, ಊರಿನಲ್ಲಿ ಪಡೆಗಳ ಭಯ. ವಿಚಾರಣೆಯ ಹೆಸರಿನಲ್ಲಿ ಹಿಂಸೆಗೆ ಒಳಗಾದೆವೆಂದು ಗಡಿಯ ಎರಡೂ ಬದಿಯ ಹಳ್ಳಿಗರು ದೂರಿತ್ತರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಅದರ ವರದಿಯ ಆಧಾರದ ಮೇಲೆ 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿತು. ಪಡೆಗಳಲ್ಲಿ ಪ್ರಾಣ ಕೊಟ್ಟವರು, ಪ್ರಾಮಾಣಿಕವಾಗಿ ದುಡಿದವರು ಅನೇಕರು. ಅವರ ತ್ಯಾಗವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಊರನ್ನು ಗೆಲ್ಲುವ ಬದಲು ಊರನ್ನು ಸುತ್ತುವರಿಯುವ ಕ್ರಮ ಆರಂಭವಾದದ್ದು ಎರಕೆಯಂ ಹಳ್ಳದ ಘಟನೆಯ ನಂತರ. ಆ ಹಳ್ಳದ ಬಳಿ ವೀರಪ್ಪನ್ ಕೊಂದದ್ದು ಒಬ್ಬ ಅಧಿಕಾರಿಯನ್ನು ಮಾತ್ರವಲ್ಲ, ತನ್ನ ಊರಿನವರಿಗೆ ಇದ್ದ ಒಂದು ಆಸರೆಯನ್ನು.

ಅರ್ಜುನನ್ 1995ರಲ್ಲಿ ಪೊಲೀಸರ ವಶದಲ್ಲಿದ್ದಾಗ ಮೃತಪಟ್ಟ. 2004ರ ಅಕ್ಟೋಬರ್ 18ರ ರಾತ್ರಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ ವೀರಪ್ಪನ್ ಕೂಡ ಗುಂಡಿಗೆ ಬಲಿಯಾದ. ಆತನನ್ನು ಕಾಡಿನಿಂದ ಹೊರಗೆ ಕರೆತರಲು ಕೊನೆಗೆ ನೆರವಾದದ್ದು ದೊಡ್ಡ ಸೈನ್ಯವಲ್ಲ, ಅವನ ನಂಬಿಕೆ ಗಳಿಸಿ ಒಳಸೇರಿದ ಕೆಲವೇ ಜನ. ಶ್ರೀನಿವಾಸ್ ಬಳಸಿದ ನಂಬಿಕೆಗೂ ಈ ನಂಬಿಕೆಗೂ ಇರುವ ಅಂತರ ಓದುಗರಿಗೆ ತಿಳಿಯದ್ದೇನಲ್ಲ.

ಕಾಡಿನ ಕಥೆ ಅಲ್ಲಿಂದ ಬೇರೆ ತಿರುವು ಪಡೆಯಿತು. 1974ರಲ್ಲೇ ವನ್ಯಧಾಮವಾಗಿದ್ದ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2013ರಲ್ಲಿ ಮಲೆ ಮಹದೇಶ್ವರ ವನ್ಯಧಾಮ ಘೋಷಣೆಯಾಯಿತು. ಕಾವೇರಿ ವನ್ಯಧಾಮ 1987ರಿಂದಲೇ ಇತ್ತು. ಒಂದು ಕಾಲದಲ್ಲಿ ಗಾರ್ಡುಗಳು ಕಾಲಿಡಲು ಅಂಜುತ್ತಿದ್ದ ಕಣಿವೆಗಳಲ್ಲಿ ಕಳ್ಳಬೇಟೆ ತಡೆ ಶಿಬಿರಗಳು ಬಂದವು. ಸ್ಥಳೀಯ ಯುವಕರು, ಸೋಲಿಗರು ಅಲ್ಲಿ ವಾಚರುಗಳಾದರು. ಗೋಪಿನಾಥಂನಲ್ಲೇ ಪರಿಸರ ಪ್ರವಾಸಿಗರಿಗಾಗಿ ಶಿಬಿರ ತೆರೆಯಿತು. ಬಂದವರು ಮೊದಲು ಕೇಳುವುದು ವೀರಪ್ಪನ್‌ನ ಹಾದಿಯನ್ನೇ ಎಂಬುದು ಬೇಸರದ ಸಂಗತಿ. ಕೊಂದವನ ಮೇಲೆ ಸಿನಿಮಾಗಳು, ಧಾರಾವಾಹಿಗಳು, ಪುಸ್ತಕಗಳು ಸಾಲಾಗಿ ಬಂದಿವೆ. ಅವುಗಳಲ್ಲಿ ಶ್ರೀನಿವಾಸ್ ಬಂದರೂ ಒಂದು ಅಧ್ಯಾಯವಾಗಿ ಬರುತ್ತಾರೆ, ಅದೂ ಶಿರಚ್ಛೇದದ ಅಧ್ಯಾಯವಾಗಿ. ಸಂಚಾರಿ ಚಿಕಿತ್ಸಾಲಯಕ್ಕೆ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ.

ಇಲಾಖೆ ಮಾತ್ರ ಅವರನ್ನು ಮರೆತಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 11ರ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನದಂದು ರಾಜ್ಯದಲ್ಲಿ ಓದುವ ಹೆಸರುಗಳಲ್ಲಿ ಶ್ರೀನಿವಾಸ್ ಅವರದೂ ಇರುತ್ತದೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟ ಬಿಷ್ಣೋಯಿಗಳ ನೆನಪಿನ ದಿನ ಅದು. ಮರುದಿನವೇ, ಸೆಪ್ಟೆಂಬರ್ 12, ಶ್ರೀನಿವಾಸ್ ಅವರ ಜನ್ಮದಿನ. ಎರಕೆಯಂ ಬಳಿ ಅವರು ಬಿದ್ದ ಜಾಗದಲ್ಲಿ ಸ್ಮಾರಕವಿದೆ. ಈ ಮಲೆಗಳಲ್ಲಿ ಅವರು ಓಡಿಸುತ್ತಿದ್ದ ಜೀಪು ಬಹುಕಾಲ ಗುಜರಿಯಾಗಿ ಬಿದ್ದಿತ್ತು. ಅದನ್ನು ಪತ್ತೆಹಚ್ಚಿದ ಅಧಿಕಾರಿಗಳು ದುರಸ್ತಿ ಮಾಡಿಸಿ, ಬಣ್ಣ ಹಚ್ಚಿಸಿ ಮತ್ತೆ ಮೊದಲಿನ ರೂಪಕ್ಕೆ ತಂದಿದ್ದಾರೆ. ಅವರು ತೀರಿಕೊಂಡಾಗ ಹುಟ್ಟಿಯೇ ಇರದ ಗಾರ್ಡುಗಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಗೋಪಿನಾಥಂನ ಹಿರಿಯರು ಹಬ್ಬದ ದಿನ ಮಾರಿಯಮ್ಮನಿಗೆ ಹೂವು ಏರಿಸುವಾಗ, ಪಕ್ಕದ ಭಾವಚಿತ್ರಕ್ಕೂ ಒಂದು ಎಸಳು ಇಡುತ್ತಾರೆ.